ಮನೆ ಮಾರುವ ಮುನ್ನ ಒಂದು ಚಳಿಗಾಲ



ಮನೆ ಮಾರಿ ಕ್ಯಾರವಾನ್‌ನಲ್ಲೇ ಬದುಕುವ ಬ್ರಿಟನ್ನಿನ ನಿವೃತ್ತರ ಬಗ್ಗೆ ಈಚೆಗೆ ಬರೀ ಮೆಚ್ಚುಗೆಯ ಮಾತೇ ಕೇಳುತ್ತಿದೆ. ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿಗೆ ಹೋದಾಗ ಅಂಥ ಒಂದು ಸಂಸಾರವನ್ನು ಹತ್ತಿರದಿಂದ ನೋಡಿದವಳು ನಾನು. ಸಾಲದ ಕಂತಿಲ್ಲ, ಕಸ ಮುಸುರೆ ಕಡಿಮೆ, ಮನಸ್ಸು ಬಂದತ್ತ ಹೊರಡಬಹುದು. ಅದೆಲ್ಲ ನಿಜ. ಆದರೆ ಅಲ್ಲಿನ ಎಷ್ಟೋ ಕ್ಯಾರವಾನ್ ತಾಣಗಳಿಗೆ ಇರುವುದು ರಜೆ ಕಳೆಯುವವರಿಗಷ್ಟೇ ಪರವಾನಗಿ. ಚಳಿಗಾಲಕ್ಕೆ ಹಲವು ಬಾಗಿಲು ಹಾಕುತ್ತವೆ. 1983ರ ಮೊಬೈಲ್ ಹೋಮ್ಸ್ ಕಾಯ್ದೆಯ ರಕ್ಷಣೆ ರಜಾ ತಾಣದಲ್ಲಿ ನಿಂತವರಿಗೆ ಸಿಗುವುದಿಲ್ಲ. ಸೊನ್ನೆ ಡಿಗ್ರಿಯ ಕೆಳಗೆ ಸಿಲಿಂಡರಿನ ಬ್ಯೂಟೇನ್ ಅನಿಲ ಆವಿಯಾಗದು. ಪ್ರೊಪೇನ್ ಸಿಲಿಂಡರ್ ಇಲ್ಲದಿದ್ದರೆ ಗ್ಯಾಸ್ ಒಲೆಯೂ ಇಲ್ಲ, ಗ್ಯಾಸ್ ಹೀಟರೂ ಇಲ್ಲ. ಆ ಸಂಸಾರದ, ಎಪ್ಪತ್ತು ದಾಟಿದ ಹೆಂಗಸು ಕೊರೆಯುವ ಚಳಿಯಲ್ಲಿ ಕ್ಯಾನಿನಲ್ಲಿ ನೀರು ತರುತ್ತಿದ್ದುದು ಇನ್ನೂ ಕಣ್ಣಿಗೆ ಕಟ್ಟಿದೆ. ಸ್ವಂತ ವಿಳಾಸವಿಲ್ಲದ್ದರಿಂದ ಬ್ಯಾಂಕಿಗೆ, ವಿಮೆಗೆ ಮಗನ ಮನೆಯ ವಿಳಾಸವನ್ನೇ ಕೊಟ್ಟಿದ್ದರು. ಕ್ಯಾರವಾನಿನ ಬೆಲೆಯಂತೂ ವರ್ಷ ಕಳೆದಂತೆ ಇಳಿಯುತ್ತದೆ. ಮಾರಿದ ಮನೆಯನ್ನು ಆ ದುಡ್ಡಿನಲ್ಲಿ ಮತ್ತೆ ಕೊಳ್ಳಲಾಗದು.

ಅಲ್ಲಿ ನೆಲೆಸಿರುವ ನಮ್ಮವರಲ್ಲಿ ಈ ಆಸೆ ಇದ್ದವರು ದಯವಿಟ್ಟು ಮನೆ ಮಾರಬೇಡಿ. ಬಾಡಿಗೆಗೆ ಕೊಟ್ಟು, ಮೊದಲು ಒಂದು ಚಳಿಗಾಲ ಕ್ಯಾರವಾನ್‌ನಲ್ಲಿ ಇದ್ದು ನೋಡಿ.

— ಓದುಗರೊಬ್ಬರು, ಮೈಸೂರು