ಕೆನಡಾದ ಕಣ್ಣೀರ ಹೆದ್ದಾರಿ ಮತ್ತು ಒಂದು ಪಾಡ್‌ಕಾಸ್ಟ್

ಬಗೆಹರಿಯದ ಕೊಲೆಗಳನ್ನು ಕಂತುಗಳಲ್ಲಿ ಹೇಳುವ ಪಾಡ್‌ಕಾಸ್ಟ್‌ಗಳಿಗೆ ಇಂದು ಕೇಳುಗರ ಬರವಿಲ್ಲ. ಅಡುಗೆ ಮಾಡುತ್ತಾ, ಬಸ್ಸಿನಲ್ಲಿ ಹೋಗುತ್ತಾ ಜನ ಕೇಳುತ್ತಾರೆ. ಒಬ್ಬರ ಮನೆಯ ಸಾವು ಇನ್ನೊಬ್ಬರ ಹೊತ್ತು ಕಳೆಯುವ ಸಾಧನವಾಗುವುದನ್ನು ನಾವು ಮೆಚ್ಚಲಾರೆವು; ನಡುನಡುವೆ ಬರುವ ಜಾಹೀರಾತುಗಳಂತೂ ಇನ್ನೂ ಕಿರಿಕಿರಿ. ಆದರೆ ಕೆನಡಾದ ಮೂಲನಿವಾಸಿ ಮಹಿಳೆಯರ ಕುರಿತ ಕೆಲವು ಸರಣಿಗಳನ್ನು ಅದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಪ್ರಿನ್ಸ್ ಜಾರ್ಜ್‌ನಿಂದ ಪ್ರಿನ್ಸ್ ರೂಪರ್ಟ್‌ವರೆಗೆ ಸುಮಾರು 720 ಕಿ.ಮೀ. ಉದ್ದದ 16ನೇ ಹೆದ್ದಾರಿಯಿದೆ. ಜನ ಅದನ್ನು ಕಣ್ಣೀರ ಹೆದ್ದಾರಿ ಎನ್ನುತ್ತಾರೆ. ಕಾರಿಲ್ಲದ ಬಡ ಕುಟುಂಬಗಳ ಹೆಣ್ಣುಮಕ್ಕಳು ಕೈ ತೋರಿಸಿ ಸಿಕ್ಕ ವಾಹನ ಹತ್ತುತ್ತಿದ್ದರು. ಹಲವರು ಮನೆ ಸೇರಲಿಲ್ಲ. 1989ರಲ್ಲಿ ಪ್ರಿನ್ಸ್ ರೂಪರ್ಟ್‌ನಲ್ಲಿ ಕಾಣೆಯಾದ 24ರ ಯುವತಿಯ ಶವ ಇದೇ ರಸ್ತೆಯ ಬಳಿ ಸಿಕ್ಕಿತು. ಆ ತನಿಖೆಯಲ್ಲಿದ್ದ ಪೊಲೀಸ್ ಅಧಿಕಾರಿ ನಿವೃತ್ತಿಯ ನಂತರವೂ ಅದನ್ನು ಮರೆಯಲಾರದೆ ಸಿಬಿಸಿ ಪತ್ರಕರ್ತೆ ಕೋನಿ ವಾಕರ್ ಅವರಿಗೆ ಇ-ಮೇಲ್ ಬರೆದರು. 2016ರ 'ಹೂ ಕಿಲ್ಡ್ ಆಲ್ಬರ್ಟಾ ವಿಲಿಯಮ್ಸ್?' ಸರಣಿ ಹುಟ್ಟಿದ್ದು ಹಾಗೆ. ಸರಣಿ ಮುಗಿದಾಗಲೂ ಯಾರ ಮೇಲೂ ಆರೋಪಪಟ್ಟಿ ಇರಲಿಲ್ಲ.

ಪ್ರಶ್ನೆ ಒಬ್ಬಳದ್ದಲ್ಲ. 1980ರಿಂದ 2012ರವರೆಗೆ ಕೊಲೆಯಾದ ಅಥವಾ ಕಾಣೆಯಾದ 1,181 ಮೂಲನಿವಾಸಿ ಮಹಿಳೆಯರ ಪ್ರಕರಣಗಳನ್ನು ಕೆನಡಾ ಪೊಲೀಸರೇ 2014ರಲ್ಲಿ ಪಟ್ಟಿ ಮಾಡಿದರು. ಪಟ್ಟಿಗೆ ಸೇರದವರ ಸಂಖ್ಯೆ ದೊಡ್ಡದು ಎಂಬುದು ಕುಟುಂಬಗಳ ವಾದ. 2019ರ ಜೂನ್‌ನಲ್ಲಿ ರಾಷ್ಟ್ರೀಯ ವಿಚಾರಣಾ ಆಯೋಗ 231 ಶಿಫಾರಸುಗಳೊಡನೆ ವರದಿ ಒಪ್ಪಿಸಿತು.

ವಾಕರ್ ಸ್ವತಃ ಸಸ್ಕಾಚೆವಾನ್‌ನ ಕ್ರೀ ಸಮುದಾಯದವರು. ಕೊಲೆಗಾರನ ಹಿಂದೆ ಓಡುವುದಕ್ಕಿಂತ ಸತ್ತವಳು ಯಾರ ಮಗಳು, ಯಾರ ಅಕ್ಕ ಎಂಬುದರ ಬಳಿ ಅವರು ಹೆಚ್ಚು ಹೊತ್ತು ನಿಲ್ಲುತ್ತಾರೆ. 2018ರ 'ಫೈಂಡಿಂಗ್ ಕ್ಲಿಯೋ' ಇದಕ್ಕೆ ಸಾಕ್ಷಿ. 1970ರ ದಶಕದಲ್ಲಿ ಸರಕಾರ ತಾಯಿಯ ಮಡಿಲಿನಿಂದ ಕಿತ್ತು ದತ್ತು ಕೊಟ್ಟ ಹುಡುಗಿ ಮನೆಗೆ ಮರಳುವ ದಾರಿಯಲ್ಲಿ ಕೊಲೆಯಾದಳೆಂದು ಒಡಹುಟ್ಟಿದವರು ದಶಕಗಳ ಕಾಲ ನಂಬಿದ್ದರು. ಸತ್ಯ ಬೇರೆಯಿತ್ತು. ಆಕೆ ಅಮೆರಿಕದ ನ್ಯೂಜೆರ್ಸಿಯಲ್ಲಿ, 13ನೇ ವಯಸ್ಸಿನಲ್ಲಿ, ತಾನೇ ಪ್ರಾಣ ಕಳೆದುಕೊಂಡಿದ್ದಳು. ಹುಡುಕಲು ಹೊರಟ ಕೊಲೆಗಾರ ಅಲ್ಲಿ ಇರಲೇ ಇಲ್ಲ. ಇದ್ದದ್ದು ಸರಕಾರದ ಕಡತ, ಸಹಿ, ಮೊಹರು.

ಇಲ್ಲಿಂದ ಮುಂದಿನ ಮಾತು ನಮ್ಮ ಅಂಗಳಕ್ಕೇ ಬರುತ್ತದೆ. ಮಕ್ಕಳನ್ನು ಮನೆಯಿಂದ ಬೇರ್ಪಡಿಸುವ ಪದ್ಧತಿ ಮೊದಲು ಬೇರೂರಿದ್ದು ವಸತಿ ಶಾಲೆಗಳಲ್ಲಿ. ಸುಮಾರು 1,50,000 ಮಕ್ಕಳು ಅಲ್ಲಿಗೆ ಹೋದರು. ಆ ಶಾಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಥೋಲಿಕ ಸಂಸ್ಥೆಗಳ ಕೈಯಲ್ಲಿದ್ದವು. ವಾಕರ್ ಅವರ 2022ರ 'ಸರ್ವೈವಿಂಗ್ ಸೈಂಟ್ ಮೈಕಲ್ಸ್' ಅವರ ತಂದೆಯೇ ಕಲಿತ ಡಕ್ ಲೇಕ್‌ನ ಅಂಥ ಒಂದು ಶಾಲೆಯ ಕಥೆ. ಪೊಲೀಸ್ ಆಗಿದ್ದ ತಂದೆ ಒಂದು ರಾತ್ರಿ ಕಾರು ತಡೆದಾಗ ಒಳಗಿದ್ದದ್ದು ಬಾಲ್ಯದಲ್ಲಿ ತನ್ನ ಮೇಲೆ ದೌರ್ಜನ್ಯ ಎಸಗಿದ ಗುರು. ಈ ಸರಣಿಗೆ 2023ರಲ್ಲಿ ಪುಲಿಟ್ಜರ್ ಬಂತು.

ಇದು ಧರ್ಮಸಭೆಗೆ ಮಸಿ ಬಳಿಯುವ ಯತ್ನ ಎನ್ನುವವರು ನಮ್ಮಲ್ಲೂ ಇದ್ದಾರೆ. ನಾವು ಒಪ್ಪುವುದಿಲ್ಲ. ದಿವಂಗತ ಜಗದ್ಗುರು ಪೋಪ್ ಫ್ರಾನ್ಸಿಸ್ ಅವರೇ 2022ರ ಜುಲೈ 25ರಂದು ಮಾಸ್ಕ್‌ವಾಸಿಸ್‌ನಲ್ಲಿ ಮೂಲನಿವಾಸಿಗಳ ಮುಂದೆ ಕ್ಷಮೆ ಬೇಡಿದರು. ಮರಳುವ ವಿಮಾನದಲ್ಲಿ ಪತ್ರಕರ್ತರು ಕೇಳಿದಾಗ ಅದು ಜನಾಂಗಹತ್ಯೆಯೇ ಎಂದೂ ಒಪ್ಪಿದರು. ಪೋಪರು ಒಪ್ಪಿದ್ದನ್ನು ನಾವು ಮುಚ್ಚಿಡುವುದೇಕೆ? ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಇಂದು ಕೆನಡಾದಲ್ಲಿ ನೆಲೆಸಿದ್ದಾರೆ. ಅಲ್ಲಿನ ಪೀಠಗಳ ಮುಂದೆ ಮೊಣಕಾಲೂರುವ ಅವರಿಗೂ ಈ ಚರಿತ್ರೆ ಗೊತ್ತಿರಬೇಕು.

ಆ ಹೆದ್ದಾರಿಯ ಪಟ್ಟಣಗಳ ನಡುವೆ ಬಸ್ ಓಡಿಸಿ ಎಂದು ಅಲ್ಲಿನ ಜನ ಸಭೆ ಸೇರಿ ಕೇಳಿದ್ದು 2006ರಲ್ಲಿ. ಸರಕಾರಿ ಬಸ್ ಬಂದದ್ದು 2017ರಲ್ಲಿ.