ಬಾಳೆಯ ಸಿಪ್ಪೆಯೂ ಸೀಸದ ನೀರೂ

ಹಬ್ಬದ ಮರುದಿನ ಪ್ರತಿಯೊಂದು ಮನೆಯ ಬಾಗಿಲಿನಲ್ಲಿಯೂ ಕಸದ ಬುಟ್ಟಿ ತುಂಬಿ ತುಳುಕುತ್ತಿರುತ್ತದೆ. ಬಾಳೆಯ ಹಣ್ಣಿನ ಸಿಪ್ಪೆ, ತೆಂಗಿನ ನಾರು, ಕಿತ್ತಳೆಯ ತೊಗಟೆ, ಹುಣಸೆಯ ಓಡು—ಗೃಹಿಣಿಯ ಕಣ್ಣಿಗೆ ಇವೆಲ್ಲ ಬೇಗ ತೊಲಗಬೇಕಾದ ವಸ್ತುಗಳು. ರಸಾಯನಶಾಸ್ತ್ರಜ್ಞನ ಕಣ್ಣಿಗಾದರೋ ಅವು ಬೇರೆಯಾಗಿ ಕಾಣುತ್ತವೆ. ನೀರಿನಲ್ಲಿ ಕರಗಿ ಕಣ್ಮರೆಯಾಗಿರುವ ಸೀಸ, ತಾಮ್ರ, ಕ್ಯಾಡ್ಮಿಯಂಗಳನ್ನು ಹಿಡಿದು ನಿಲ್ಲಿಸಬಲ್ಲ ಶಕ್ತಿ ಈ ಸಿಪ್ಪೆಗಳಿಗುಂಟು.

ನೀರಿಗೆ ಸೇರುವ ಕೊಳೆಯಲ್ಲಿ ಎರಡು ಜಾತಿ. ಸೂಕ್ಷ್ಮಜೀವಿಗಳು ತಿಂದು ಕರಗಿಸಬಲ್ಲ ಕೊಳೆ ಒಂದು. ಕಾಲ ಕಳೆದಂತೆ ಅದು ಇಲ್ಲವಾಗುತ್ತದೆ. ಲೋಹವು ಹಾಗಲ್ಲ. ಅದು ಮೂಲವಸ್ತು, ಕೊಳೆಯದು, ಸುಟ್ಟರೆ ಅಳಿಯದು. ಜಪಾನಿನ ಮಿನಮಾತ ಕೊಲ್ಲಿಯ ಬೆಸ್ತರ ಮನೆಗಳಲ್ಲಿ 1956ರಲ್ಲಿ ಬೆಳಕಿಗೆ ಬಂದ ಭೀಕರ ನರರೋಗವು ಕಾರ್ಖಾನೆಯೊಂದು ಕಡಲಿಗೆ ಬಿಟ್ಟ ಪಾದರಸದ ಫಲವಾಗಿತ್ತು. ಅದು ನೀರಿನಿಂದ ಮೀನಿಗೆ, ಮೀನಿನಿಂದ ತಾಯಿಗೆ, ತಾಯಿಯಿಂದ ಗರ್ಭದ ಶಿಶುವಿಗೆ ಹರಿದು ಬಂದಿತ್ತು. ಅದೇ ದೇಶದ ಜಿಂಜೂ ನದಿಯ ಬಯಲಿನಲ್ಲಿ ಗಣಿಯ ಕ್ಯಾಡ್ಮಿಯಂ ಗದ್ದೆಗಳನ್ನು ಹೊಕ್ಕು, ಅನ್ನದ ಮೂಲಕ ಎಲುಬುಗಳನ್ನು ಶಿಥಿಲಗೊಳಿಸಿತು. ರೋಗಿಗಳ ನರಳಿಕೆಯೇ ಆ ಬೇನೆಗೆ ‘ಇತಾಯ್ ಇತಾಯ್’, ಎಂದರೆ ‘ನೋವು, ನೋವು’ ಎಂಬ ಹೆಸರನ್ನು ತಂದಿತು. ಅದರ ಕಾರಣವನ್ನು ಜಪಾನ್ ಸರಕಾರ ಒಪ್ಪಿಕೊಂಡದ್ದು 1968ರಲ್ಲಿ.

ದೂರದ ದೇಶದ ಮಾತು ಎಂದು ಬೆಂಗಳೂರಿನವರು ಸುಮ್ಮನಿರುವಂತಿಲ್ಲ. ಲೋಹಲೇಪನದ ಸಣ್ಣ ಕಾರ್ಖಾನೆಗಳು ನೆರೆದಿರುವ ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಕಂಡುಬಂದಿದೆ. ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟುತ್ತಾಳೆಂದು ಜನರು ನಂಬಿರುವ ವೃಷಭಾವತಿಯು ನಗರದ ಕೊಳೆಯನ್ನು ಹೊತ್ತು ಬಿಡದಿಯ ಬಳಿಯ ಬೈರಮಂಗಲದ ಕೆರೆಯನ್ನು ಸೇರುತ್ತಾಳೆ. ಆ ನೀರನ್ನು ನಂಬಿ ಹೊಲಗಳಿವೆ. ಕುಡಿಯುವ ನೀರಿನಲ್ಲಿ ಸೀಸವು ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆಂಬುದು ಭಾರತದ ಮಾನಕ. ಎಂದರೆ ಹತ್ತು ಸಾವಿರ ಲೀಟರಿನ ಹತ್ತು ಟ್ಯಾಂಕರುಗಳಿಗೆ ಒಂದೇ ಒಂದು ಗ್ರಾಂ! ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುವ ವಿಷಕ್ಕೆ ಇಷ್ಟು ಬಿಗಿ ಇರುವುದು ನ್ಯಾಯವೇ ಸರಿ.

ಲೋಹವನ್ನು ತೆಗೆಯುವ ರೂಢಿಯ ಮಾರ್ಗ ಸುಣ್ಣ. ಸುಣ್ಣ ಬೆರೆಸಿದಾಗ ಲೋಹವು ಬಗ್ಗಡವಾಗಿ ತಳಕ್ಕಿಳಿಯುತ್ತದೆ. ಆದರೆ ಲೇಪನವಾದ ವಸ್ತುಗಳನ್ನು ತೊಳೆದ ನೀರು ಬಹಳ, ಅದರಲ್ಲಿಯ ಲೋಹ ಸ್ವಲ್ಪ. ಆ ಕಡೆಯ ಸ್ವಲ್ಪವನ್ನು ಹಿಡಿಯುವುದೇ ಕಷ್ಟ. ಅದಕ್ಕೆ ಬೇಕಾದ ಕೃತಕ ರಾಳಗಳ ಬೆಲೆಯೋ ಸಣ್ಣ ಕಾರ್ಖಾನೆಯವನ ಕೈಗೆ ಎಟುಕದು. ಸಿಪ್ಪೆಗೆ ಬೆಲೆ ಬರುವುದು ಇಲ್ಲಿಯೇ.

ಸಿಪ್ಪೆಯಲ್ಲಿ ಪೆಕ್ಟಿನ್, ಸೆಲ್ಯುಲೋಸ್, ಲಿಗ್ನಿನ್ ಎಂಬ ಪದಾರ್ಥಗಳಿವೆ. ಅವುಗಳ ಅಣುಗಳಲ್ಲಿ ಆಮ್ಲಗುಣದ ತುದಿಗಳುಂಟು. ನೀರಿನಲ್ಲಿ ನೆನೆದಾಗ ಅವು ಋಣವಿದ್ಯುತ್ತನ್ನು ತಾಳುತ್ತವೆ. ಸೀಸ, ತಾಮ್ರಗಳು ಧನವಿದ್ಯುತ್ತನ್ನು ಹೊತ್ತು ಅಲೆಯುತ್ತಿರುತ್ತವೆ. ಎರಡಕ್ಕೂ ಗಂಟು ಬೀಳಲು ತಡವೇನು? ಬ್ರೆಜಿಲ್ ದೇಶದ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪರಾನಾ ನದಿಯ ನೀರಿನಲ್ಲಿಯ ಸೀಸ-ತಾಮ್ರಗಳನ್ನು ಅಳೆಯುವುದಕ್ಕಾಗಿ ಒಂದೆಡೆ ಕೂಡಿಸಲು ಬಾಳೆಯ ಸಿಪ್ಪೆಯ ಪುಡಿಯನ್ನೇ ಬಳಸಿದರು. ಒಂದೇ ಪುಡಿ 11 ಬಾರಿ ಕೆಲಸಕ್ಕೆ ಬಂದಿತು.

ಭತ್ತದ ಹೊಟ್ಟು, ಮರದ ಹೊಟ್ಟು, ತೆಂಗಿನ ನಾರು, ಸಿಗಡಿಯ ಚಿಪ್ಪು—ಎಲ್ಲವನ್ನೂ ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಎಲ್ಲ ಲೋಹಕ್ಕೂ ಒಂದೇ ಉಪಾಯ ಸಲ್ಲದು. ಪೀಣ್ಯದಂಥಲ್ಲಿಯ ಉಗ್ರರೂಪದ ಕ್ರೋಮಿಯಂ ಋಣವಿದ್ಯುತ್ತನ್ನೇ ಹೊತ್ತಿರುವುದರಿಂದ ಸಾಧಾರಣ ನೀರಿನಲ್ಲಿ ಸಿಪ್ಪೆಯತ್ತ ಸುಳಿಯದು. ನೀರನ್ನು ಚೆನ್ನಾಗಿ ಹುಳಿಯಾಗಿಸಿದರೆ ಮಾತ್ರ ಅದು ಹಿಡಿತಕ್ಕೆ ಸಿಕ್ಕುತ್ತದೆ. ಸಸ್ಯದ್ರವ್ಯದ ಸಂಗದಿಂದ ಉಗ್ರತೆಯನ್ನು ಬಿಟ್ಟು ಸೌಮ್ಯರೂಪಕ್ಕೂ ತಿರುಗುತ್ತದೆ.

ಇಷ್ಟನ್ನು ಓದಿ ಯಾರಾದರೂ ಕುಡಿಯುವ ನೀರಿನ ಬಿಂದಿಗೆಗೆ ಸಿಪ್ಪೆಯನ್ನು ಹಾಕಿಯಾರು! ಅದು ಸಲ್ಲದು. ಹಸಿಯ ಸಿಪ್ಪೆ ನೀರಿನಲ್ಲಿ ಕೊಳೆತು ಹೊಸ ಕೇಡನ್ನೇ ತರುತ್ತದೆ. ಹಿಂದಿನವರು ಮಡಕೆಯೊಳಗೆ ಕತಕದ ಬೀಜವನ್ನು, ಎಂದರೆ ಚಿಲ್ಲದ ಬೀಜವನ್ನು, ತೇದು ರಾಡಿಯ ನೀರನ್ನು ತಿಳಿಗೊಳಿಸುತ್ತಿದ್ದರು. ಆದರೆ ತಿಳಿಯಾದ ನೀರೆಲ್ಲ ನಿರ್ವಿಷವಲ್ಲ. ಕರಗಿದ ಸೀಸಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೊಂದಿದೆ: ಸಿಪ್ಪೆ ಹಿಡಿದ ಸೀಸ ಎಲ್ಲಿಗೆ ಹೋಯಿತು? ಎಲ್ಲಿಗೂ ಇಲ್ಲ, ಸಿಪ್ಪೆಯಲ್ಲಿಯೇ ಇದೆ. ನೀರು ಹಗುರಾಯಿತು, ಸಿಪ್ಪೆ ವಿಷವಾಯಿತು. ಅದನ್ನು ಹಸುವಿಗೆ ಹಾಕಿದರೆ ಹಾಲಿಗೆ, ಗೊಬ್ಬರಕ್ಕೆ ಸೇರಿಸಿದರೆ ಸೊಪ್ಪಿಗೆ, ಬಯಲಿನಲ್ಲಿ ಸುರಿದರೆ ಬಾವಿಗೆ ಅದೇ ಲೋಹ ಮರಳಿ ಬರಬಹುದು. ಸಿಪ್ಪೆಯನ್ನು ದುರ್ಬಲ ಆಮ್ಲದಿಂದ ತೊಳೆದು ಲೋಹವನ್ನು ಮರಳಿ ಪಡೆಯಬೇಕು. ಕಡೆಗೆ ಉಳಿದುದನ್ನು ಅಪಾಯಕಾರಿ ತ್ಯಾಜ್ಯಕ್ಕೆಂದು ಗೊತ್ತುಮಾಡಿದ ಭದ್ರಸ್ಥಳಕ್ಕೆ ಒಪ್ಪಿಸಬೇಕು. ಸಿಪ್ಪೆ ಅಗ್ಗವೆಂಬುದು ನಿಜ. ಈ ಎಚ್ಚರ ಅಗ್ಗವಲ್ಲ. ಅಗ್ಗದ ಉಪಾಯವನ್ನು ಮೆಚ್ಚುವ ಪೌರರು ಈ ಎಚ್ಚರದ ವೆಚ್ಚವನ್ನು ಯಾರು ಹೊರುವರೆಂದು ಕೇಳುವುದನ್ನೂ ಮರೆಯಬಾರದು. ಆ ಲೆಕ್ಕ ಇತ್ಯರ್ಥವಾಗದೆ ಹೋದರೆ, ಇಂದು ನೀರಿನಿಂದ ಹೊರಬಿದ್ದ ಸೀಸವೇ ನಾಳೆ ಪಲ್ಯದ ತಟ್ಟೆಯನ್ನು ಸೇರೀತು.