ಕಪ್ಪಾಗುವ ಪರದೆಗಳ ಕುರಿತು ಉನ್ನತ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಡಾ. ಎಂ.ಸಿ. ಸುಧಾಕರ್ ಅವರಿಗೆ,



ನೀವು ಚಿಂತಾಮಣಿಯ ಶಾಸಕರು, ಚಿಕ್ಕಬಳ್ಳಾಪುರ ಜಿಲ್ಲೆಯ ಉಸ್ತುವಾರಿ ಸಚಿವರು, ರಾಜ್ಯದ ಉನ್ನತ ಶಿಕ್ಷಣ ಸಚಿವರು. ನಾನು ಬರೆಯುತ್ತಿರುವ ವಿಷಯ ಈ ಮೂರು ಹೊಣೆಗೂ ಸೇರಿದ್ದು. ಅದಕ್ಕೇ ಈ ಪತ್ರ ನೇರವಾಗಿ ನಿಮಗೆ. ಶಿಡ್ಲಘಟ್ಟದಲ್ಲಿ ಕಂಪ್ಯೂಟರ್ ಪಾಠ ಹೇಳುವ ನಾನು ಇತ್ತೀಚೆಗೆ ಒಂದೇ ಬಗೆಯ ದೂರನ್ನು ಮತ್ತೆ ಮತ್ತೆ ಕೇಳುತ್ತಿದ್ದೇನೆ. ಚಿಕ್ಕಬಳ್ಳಾಪುರದಿಂದ, ಗೌರಿಬಿದನೂರಿನಿಂದ, ನಿಮ್ಮ ಚಿಂತಾಮಣಿಯಿಂದ ಬರುವ ಮಕ್ಕಳದೂ ಅದೇ ಮಾತು: "ಸರ್, ಬಯೋಸ್‌ನಲ್ಲಿ ಏನೋ ಚೇಂಜ್ ಮಾಡಿದೆ, ಆಮೇಲಿಂದ ಸ್ಕ್ರೀನ್ ಕಪ್ಪಾಗ್ತಾ ಇದೆ. ಅಂಗಡಿಯವರು ಗ್ರಾಫಿಕ್ಸ್ ಚಿಪ್ ಹೋಗಿದೆ ಅಂದ್ರು."

ಇವುಗಳಲ್ಲಿ ಬಹಳಷ್ಟು ಯಂತ್ರಗಳಲ್ಲಿ ಚಿಪ್ ಹೋಗಿರುವುದಿಲ್ಲ. ತಪ್ಪಿರುವುದು ಒಂದು ಸೆಟ್ಟಿಂಗ್. ಅದನ್ನು ಪತ್ತೆಹಚ್ಚಿ ಹಿಂದಕ್ಕೆ ತಿರುಗಿಸಬಲ್ಲ ಒಂದು ಜಾಗ ನಮ್ಮ ಇಡೀ ಜಿಲ್ಲೆಯಲ್ಲಿ ಸಾರ್ವಜನಿಕರ ಕೈಗೆ ಸಿಗುವಂತೆ ಇಲ್ಲ. ಸರ್ಕಾರಿ ಪಾಲಿಟೆಕ್ನಿಕ್‌ಗಳಲ್ಲಿ ಅಂಥ ಒಂದೊಂದು ದುರಸ್ತಿ ಮೇಜು ತೆರೆಯಿರಿ ಎಂದು ಕೇಳುವುದಕ್ಕೆ ಈ ಪತ್ರ.

ಬಯೋಸ್ ಎಂದರೆ ವಿಂಡೋಸ್‌ಗೂ ಮೊದಲು ಓಡಿ ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶ. ಮಕ್ಕಳು ಅದಕ್ಕೆ ಏಕೆ ಕೈ ಹಾಕುತ್ತಾರೆ? ಮುಖ್ಯ ಕಾರಣ ಅವರ ಹುಡುಗಾಟವಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಸೆಕ್ಯೂರ್ ಬೂಟ್ ಇರಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಆದರೂ ಇರಬೇಕು. ನಮ್ಮ ಮಕ್ಕಳ ಹತ್ತಿರ ಇರುವುದು ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ತಂದ, ಕಂಪನಿಗಳು ಬಳಸಿ ಬಿಟ್ಟ ಹಳೆಯ ಲ್ಯಾಪ್‌ಟಾಪ್. ಇಲ್ಲವೇ 2019-20ರಲ್ಲಿ ಸರ್ಕಾರ ಹಂಚಿದ, ಈಗ ಅಕ್ಕನಿಂದ ತಮ್ಮನ ಕೈಗೆ ಬಂದ ಲ್ಯಾಪ್‌ಟಾಪ್. ಟಿಪಿಎಂ ಆನ್ ಮಾಡಲು ಬಯೋಸ್‌ಗೆ ಹೋಗಲೇಬೇಕು. ಒಮ್ಮೆ ಹೋದ ಮೇಲೆ ಅಲ್ಲಿ ಹತ್ತಾರು ಆಯ್ಕೆಗಳು ಕಾಣುತ್ತವೆ. ಯಾವುದೋ ವಿಡಿಯೋದಲ್ಲಿ ಇದನ್ನು ಹೆಚ್ಚಿಸಿದರೆ ವೇಗ ಬರುತ್ತದೆ, ಅದನ್ನು ಇಳಿಸಿದರೆ ಬಿಸಿ ಕಡಿಮೆಯಾಗುತ್ತದೆ ಎಂದು ಹೇಳಿರುತ್ತಾರೆ. ಹೊಸದನ್ನು ಕೊಳ್ಳಲಾಗದ ಮನೆಯ ಹುಡುಗ ಇದ್ದುದರಲ್ಲೇ ಒಂದಿಷ್ಟು ಶಕ್ತಿ ಹಿಂಡಿಕೊಳ್ಳಲು ನೋಡುತ್ತಾನೆ. ಅದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ.

ಯಂತ್ರದೊಳಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಾನು ಕೇಳುತ್ತಿರುವುದು ದೊಡ್ಡ ಖರ್ಚಿನ ಕೆಲಸವಲ್ಲ ಎಂಬುದು ಆಗ ನಿಮಗೇ ಕಾಣುತ್ತದೆ.

ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ. ಮುಖ್ಯ ಮೆಮೊರಿಯಲ್ಲೇ ಒಂದು ಪಾಲನ್ನು ಅದು ಬಳಸುತ್ತದೆ. ಆರಂಭದಲ್ಲಿ ಎಷ್ಟು ಪಾಲು ಮೀಸಲಿಡಬೇಕು ಎಂಬ ಸಂಖ್ಯೆ ಬಯೋಸ್‌ನಲ್ಲಿರುತ್ತದೆ. ಇಂಟೆಲ್ ಯಂತ್ರಗಳಲ್ಲಿ ಅದಕ್ಕೆ ಡಿವಿಎಂಟಿ ಎನ್ನುತ್ತಾರೆ, ಎಎಂಡಿಯಲ್ಲಿ ಯುಎಂಎ ಫ್ರೇಮ್ ಬಫರ್. ಇದನ್ನು ಹೆಚ್ಚಿಸಿದರೆ ಆಟ ಚೆನ್ನಾಗಿ ಓಡುತ್ತದೆ ಎಂಬ ನಂಬಿಕೆ ಬಹಳ ಹರಡಿದೆ. ಇಂಟೆಲ್ ಗ್ರಾಫಿಕ್ಸ್ ತನಗೆ ಬೇಕಾದ ಮೆಮೊರಿಯನ್ನು ಕೆಲಸ ನಡೆಯುವಾಗಲೇ ಕೇಳಿ ಪಡೆಯುತ್ತದೆ. ಆದ್ದರಿಂದ ಮೀಸಲು ಹೆಚ್ಚಿಸುವುದರಿಂದ ಅಲ್ಲಿ ಹೇಳಿಕೊಳ್ಳುವಂಥ ಲಾಭವಿಲ್ಲ. 4 ಜಿಬಿ ಇರುವ ಎಎಂಡಿ ಯಂತ್ರದಲ್ಲಿ 2 ಜಿಬಿಯನ್ನು ಗ್ರಾಫಿಕ್ಸ್‌ಗೆ ಕಟ್ಟಿಟ್ಟರೆ ಉಳಿದ 2 ಜಿಬಿಯಲ್ಲಿ ವಿಂಡೋಸ್ ಉಸಿರಾಡಲಾರದು. ಬ್ರೌಸರ್ ತೆರೆದರೆ ಸಾಕು, ಎಲ್ಲವೂ ತಡವರಿಸುತ್ತದೆ, ಗ್ರಾಫಿಕ್ಸ್ ಡ್ರೈವರ್ ಕುಸಿಯಲೂಬಹುದು.

ಎರಡನೆಯದು ವೋಲ್ಟೇಜ್. ಬೇಸಿಗೆಯಲ್ಲಿ ಲ್ಯಾಪ್‌ಟಾಪ್ ಕಾಯುತ್ತದೆಂದು ಪ್ರೊಸೆಸರ್‌ಗೆ ಹೋಗುವ ವೋಲ್ಟೇಜನ್ನು ಕೆಲವು ಮಿಲಿವೋಲ್ಟ್ ಇಳಿಸುತ್ತಾರೆ. ಹಿತಮಿತವಾಗಿ ಮಾಡಿದರೆ ಇದು ನಿಜಕ್ಕೂ ಒಳ್ಳೆಯ ಉಪಾಯ. ಆದರೆ ಒಂದೇ ಮಾದರಿಯ ಎರಡು ಚಿಪ್‌ಗಳು ಒಂದೇ ಇಳಿತವನ್ನು ತಡೆಯುವುದಿಲ್ಲ. ಪ್ರೊಸೆಸರ್‌ನ ಕೋರ್ ತಡೆದದ್ದನ್ನು ಪಕ್ಕದ ಗ್ರಾಫಿಕ್ಸ್ ಭಾಗ ತಡೆಯದೆ ಹೋಗಬಹುದು. 2019ರ ಡಿಸೆಂಬರ್‌ನಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ ಬಯಲಾಯಿತು. ವೋಲ್ಟೇಜನ್ನೇ ಆಯುಧವಾಗಿ ಬಳಸಿ ಪ್ರೊಸೆಸರ್‌ನ ರಕ್ಷಿತ ಭಾಗದ ಗುಟ್ಟು ಕದಿಯಬಹುದು ಎಂದು ಸಂಶೋಧಕರು ತೋರಿಸಿದರು. ಅದಾದ ಮೇಲೆ ಅನೇಕ ಲ್ಯಾಪ್‌ಟಾಪ್ ಕಂಪನಿಗಳು ಬಯೋಸ್ ಅಪ್‌ಡೇಟ್ ಕಳಿಸಿ ವೋಲ್ಟೇಜ್ ಬದಲಿಸುವ ಸೌಲಭ್ಯಕ್ಕೆ ಬೀಗ ಹಾಕಿದವು.

ಬೀಗ ಒಡೆಯುವ ದಾರಿಯೂ ಹುಟ್ಟಿಕೊಂಡಿತು. ಅತಿ ದೊಡ್ಡ ಅಪಾಯ ಇರುವುದು ಇಲ್ಲಿ. ಬಯೋಸ್ ಪರದೆಯಲ್ಲಿ ಕಾಣದ ನೂರಾರು ಸೆಟ್ಟಿಂಗ್‌ಗಳು ಫರ್ಮ್‌ವೇರ್ ಎಂಬ ಆ ಮೂಲ ತಂತ್ರಾಂಶದ ಒಳಗಿರುತ್ತವೆ. ಪ್ರತಿಯೊಂದಕ್ಕೂ ಒಂದು ವಿಳಾಸ ಸಂಖ್ಯೆ. ಪೆನ್‌ಡ್ರೈವ್‌ನಿಂದ ಒಂದು ಸಣ್ಣ ಪ್ರೋಗ್ರಾಂ ಬೂಟ್ ಮಾಡಿ, ಆ ವಿಳಾಸಕ್ಕೆ ಹೊಸ ಮೌಲ್ಯ ಬರೆದರೆ ಬೀಗ ತೆರೆಯುತ್ತದೆ. ತೊಂದರೆಯೆಂದರೆ ಆ ವಿಳಾಸ ಮಾದರಿಯಿಂದ ಮಾದರಿಗೆ ಮಾತ್ರವಲ್ಲ, ಅದೇ ಮಾದರಿಯ ಬಯೋಸ್ ಆವೃತ್ತಿಯಿಂದ ಆವೃತ್ತಿಗೂ ಬದಲಾಗಬಹುದು. ಗೆಳೆಯನ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡಿದ ಸಂಖ್ಯೆಯನ್ನು ನಮ್ಮದರಲ್ಲಿ ಬರೆಯುವುದೆಂದರೆ, ಚಿಂತಾಮಣಿಯ ಮನೆ ನಂಬರ್ ಹಿಡಿದುಕೊಂಡು ಗೌರಿಬಿದನೂರಿನಲ್ಲಿ ಬಾಗಿಲು ತಟ್ಟಿದಂತೆ. ಯಾವ ಬಾಗಿಲು ತೆರೆಯಿತೋ ಗೊತ್ತಾಗುವುದಿಲ್ಲ. ವೋಲ್ಟೇಜ್ ಬೀಗ ಇರಬೇಕಾದ ಜಾಗದಲ್ಲಿ ಗ್ರಾಫಿಕ್ಸ್ ಮೆಮೊರಿಯ ಸಂಖ್ಯೆ ಬದಲಾಗಿರಬಹುದು, ಒಳಗಿನ ಪರದೆಯೇ ಆಫ್ ಆಗಿರಬಹುದು.

ಇಂಥ ಲ್ಯಾಪ್‌ಟಾಪ್ ಅಂಗಡಿಗೆ ಹೋದರೆ ಸಾಮಾನ್ಯವಾಗಿ ಸಿಗುವ ಚಿಕಿತ್ಸೆ ಮೂರು. ಮೊದಲು ಫಾರ್ಮ್ಯಾಟ್. ಅದರಿಂದ ಫರ್ಮ್‌ವೇರ್‌ನ ಸೆಟ್ಟಿಂಗ್ ಅಳಿಯುವುದಿಲ್ಲ, ಮಗುವಿನ ಪ್ರಾಜೆಕ್ಟ್ ಫೈಲುಗಳು ಮಾತ್ರ ಅಳಿಯುತ್ತವೆ. ಆಮೇಲೆ ಬೋರ್ಡಿನ ಸಣ್ಣ ಸೆಲ್ ತೆಗೆದು ಹಾಕುವುದು. ಹಳೆಯ ಯಂತ್ರಗಳಲ್ಲಿ ಇದು ಕೆಲಸ ಮಾಡುತ್ತಿತ್ತು. ಈಗಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಈ ಮೌಲ್ಯಗಳು ಫ್ಲ್ಯಾಶ್ ಚಿಪ್‌ನಲ್ಲೇ ಕೂತಿರುವುದರಿಂದ ಸೆಲ್ ತೆಗೆದರೂ ಅವು ಕದಲುವುದಿಲ್ಲ. ಕೊನೆಗೆ ಹೀಟ್ ಗನ್. ಚಿಪ್ಪನ್ನು ಕಾಯಿಸಿ, ಬೆಸುಗೆ ಹೊಸದಾಯಿತೆಂಬಂತೆ "ರೀಬಾಲ್ ಮಾಡಿದ್ದೇವೆ" ಎನ್ನುತ್ತಾರೆ. ಸರಿಯಿದ್ದ ಚಿಪ್ ಆ ಬಿಸಿಗೆ ನಿಜವಾಗಿಯೂ ಹಾಳಾಗುವ ಅಪಾಯ ಅಲ್ಲಿಂದ ಶುರು. ಅದಾದ ಮೇಲೆ ಬೋರ್ಡ್ ಬದಲಾಯಿಸಿ ಎನ್ನುತ್ತಾರೆ. ಹಳೆಯ ಲ್ಯಾಪ್‌ಟಾಪ್‌ನ ಬೆಲೆಯನ್ನೇ ಬೋರ್ಡಿಗೂ ಕೇಳುತ್ತಾರೆ. ನಾನು ಅಂಗಡಿಯವರನ್ನು ದೂರುತ್ತಿಲ್ಲ. ಅವರಿಗೂ ಇದನ್ನು ಯಾರೂ ಕಲಿಸಿಲ್ಲ.

ಸರಿಯಾದ ಪರೀಕ್ಷೆಗೆ ಒಂದು ಮಧ್ಯಾಹ್ನ ಸಾಕು. ಮೊದಲು ಬಯೋಸ್ ಪರದೆಯನ್ನೇ ತೆರೆದು ಹತ್ತು ನಿಮಿಷ ಬಿಡಬೇಕು. ಅಲ್ಲಿ ವಿಂಡೋಸ್ ಡ್ರೈವರ್ ಇರುವುದಿಲ್ಲ, ಆದ್ದರಿಂದ ಅಲ್ಲೇ ಚಿತ್ರ ಒಡೆದರೆ ಕೇಬಲ್, ಪ್ಯಾನೆಲ್ ಅಥವಾ ಚಿಪ್ಪಿನ ಮೇಲೆ ಅನುಮಾನ. ಎಚ್‌ಡಿಎಂಐ ಮೂಲಕ ಹೊರಗಿನ ಪರದೆಗೆ ಜೋಡಿಸಿದಾಗ ಅದು ಚೆನ್ನಾಗಿದ್ದರೆ ಚಿಪ್ ಬಹುಮಟ್ಟಿಗೆ ನಿರ್ದೋಷಿ. ಸೇಫ್ ಮೋಡ್‌ನಲ್ಲಿ ಗಂಟೆಗಟ್ಟಲೆ ನಿಂತು, ಸಾಮಾನ್ಯ ಮೋಡ್‌ನಲ್ಲಿ ಕುಸಿದರೆ ಡ್ರೈವರ್ ಅಥವಾ ಸೆಟ್ಟಿಂಗ್. ಪೆನ್‌ಡ್ರೈವ್‌ನಿಂದ ಉಬುಂಟು ಓಡಿಸಿ ನೋಡಿದಾಗ ಅಲ್ಲಿಯೂ ಕುಸಿದರೆ ವಿಂಡೋಸನ್ನು ಬೈಯುವುದು ವ್ಯರ್ಥ. ವಿಂಡೋಸ್ ತಾನೇ ಸಾಕ್ಷಿಯನ್ನೂ ಬರೆದಿಟ್ಟಿರುತ್ತದೆ: ಗ್ರಾಫಿಕ್ಸ್ 2 ಸೆಕೆಂಡಿನಲ್ಲಿ ಉತ್ತರ ಕೊಡದಿದ್ದರೆ ಅದು ಡ್ರೈವರನ್ನು ಮರುಚಾಲನೆ ಮಾಡಿ, ಈವೆಂಟ್ ವ್ಯೂವರ್‌ನಲ್ಲಿ 4101 ಎಂಬ ಸಂಖ್ಯೆಯಡಿ ದಾಖಲಿಸುತ್ತದೆ. ಇದು ಪದೇ ಪದೇ ಆದಾಗ, ಇಲ್ಲವೇ ಮರುಚಾಲನೆಯೇ ಸೋತಾಗ, ನೀಲಿ ಪರದೆ ಬರುತ್ತದೆ. ಆ ದಾಖಲೆಯ ಸಮಯವನ್ನು ಸೆಟ್ಟಿಂಗ್ ಬದಲಿಸಿದ ದಿನದ ಜೊತೆ ಹೋಲಿಸಿದರೆ ಅರ್ಧ ಉತ್ತರ ಸಿಕ್ಕಂತೆ.

ಸರಿಪಡಿಸುವುದಕ್ಕೂ ಕ್ರಮವಿದೆ. ವೋಲ್ಟೇಜ್ ಬದಲಿಸುವ ಥ್ರಾಟಲ್‌ಸ್ಟಾಪ್‌ನಂಥ ಪ್ರೋಗ್ರಾಂ ಇದ್ದರೆ ಮೊದಲು ಅದನ್ನು ತೆಗೆಯಬೇಕು. ಬಯೋಸ್ ಎಷ್ಟು ಸಲ ರೀಸೆಟ್ ಮಾಡಿದರೂ ಪ್ರತಿ ಆರಂಭದಲ್ಲಿ ಅದು ಹಳೆಯ ಇಳಿತವನ್ನು ಮತ್ತೆ ಹೇರುತ್ತದೆ, ಹಾಗಾಗಿ ರೀಸೆಟ್ ಫಲಿಸಲಿಲ್ಲ ಎಂದು ಎಷ್ಟೋ ಮಂದಿ ಕೈಚೆಲ್ಲುತ್ತಾರೆ. ಆಮೇಲೆ ಬಯೋಸ್‌ನಲ್ಲಿ ಡಿಫಾಲ್ಟ್‌ಗೆ ಮರಳುವುದು. ಅದಾದ ಮೇಲೆ ಡ್ರೈವರನ್ನು ಪೂರ್ತಿ ಅಳಿಸಿ, ಲ್ಯಾಪ್‌ಟಾಪ್ ತಯಾರಕರು ಆ ಮಾದರಿಗೆಂದೇ ಕೊಟ್ಟದ್ದನ್ನು ಹಾಕುವುದು. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದಕ್ಕೂ ನೋಟ್‌ಬುಕ್‌ನಲ್ಲಿ ಒಂದು ಸಾಲು. ಇಷ್ಟಕ್ಕೂ ಬಗ್ಗದಿದ್ದರೆ ರ್‍ಯಾಮ್ ಪರೀಕ್ಷೆ, ಏಕೆಂದರೆ ಗ್ರಾಫಿಕ್ಸ್ ಬಳಸುವುದು ಅದೇ ರ್‍ಯಾಮನ್ನು.

ಇಷ್ಟರಲ್ಲಿ ಒಂದು ಎಚ್ಚರಿಕೆ ಪ್ರತಿ ಕಾಲೇಜಿನ ಗೋಡೆಯ ಮೇಲೂ ಇರಬೇಕು. ಡಿಸ್ಕಿನ ಮಾಹಿತಿಯನ್ನು ಗೂಢಲಿಪಿಗೆ ಬದಲಿಸುವ ಬಿಟ್‌ಲಾಕರ್ ಆನ್ ಇರುವಾಗ ಸೆಕ್ಯೂರ್ ಬೂಟ್ ಅಥವಾ ಟಿಪಿಎಂ ಬದಲಿಸಿದರೆ, ಮುಂದಿನ ಆರಂಭದಲ್ಲಿ ಯಂತ್ರ 48 ಅಂಕಿಗಳ ರಿಕವರಿ ಕೀ ಕೇಳಬಹುದು. ವಿಂಡೋಸ್ 11ರ 2024ರ ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದರೆ ಅನೇಕ ಯಂತ್ರಗಳಲ್ಲಿ ಈ ಗೂಢಲಿಪೀಕರಣ ತಾನಾಗಿಯೇ ಆನ್ ಆಗುತ್ತದೆ. ಕೀ ಇರುವುದು ಆ ಖಾತೆಯಲ್ಲಿ. ಖಾತೆ ತೆರೆದುಕೊಟ್ಟವನು ಸೈಬರ್ ಸೆಂಟರಿನ ಹುಡುಗ. ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಪದವಿಯ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಹಾಗೆ ಒಳಗೇ ಸಿಕ್ಕಿಕೊಂಡಾಗ ಆ ಮಗುವಿನ ಮುಖ ನೋಡುವುದು ಕಷ್ಟ.

ಪರದೆ ಸಂಪೂರ್ಣ ಕಪ್ಪಾಗಿ ಬಯೋಸ್ ಕೂಡ ಕಾಣದಿದ್ದರೂ ದಾರಿಯಿದೆ. ಕೆಲವು ಕಂಪನಿಗಳ ಯಂತ್ರಗಳಲ್ಲಿ ನಿಗದಿತ ಕೀಲಿಗಳನ್ನು ಒತ್ತಿ ಹಿಡಿದು ಪೆನ್‌ಡ್ರೈವ್‌ನಿಂದ ಬಯೋಸ್ ಮರಳಿಸಬಹುದು. ಅದೂ ಆಗದಿದ್ದರೆ ಬೋರ್ಡಿನ ಮೇಲಿರುವ ಎಂಟು ಕಾಲಿನ ಫ್ಲ್ಯಾಶ್ ಚಿಪ್‌ಗೆ ಕ್ಲಿಪ್ ಹಾಕಿ, ಸಿಎಚ್341ಎ ಎಂಬ ಪ್ರೋಗ್ರಾಮರ್‌ನಿಂದ ಓದಿ ಬರೆಯಬಹುದು. ಕ್ಲಿಪ್, 1.8 ವೋಲ್ಟ್ ಅಡಾಪ್ಟರ್ ಸೇರಿ ಇದರ ಬೆಲೆ ಸಾವಿರ ರೂಪಾಯಿಯ ಆಸುಪಾಸು. ಚಿಪ್ 3.3 ವೋಲ್ಟಿನದೋ 1.8ರದೋ ಎಂದು ನೋಡಿಕೊಳ್ಳದೆ ಕರೆಂಟ್ ಕೊಟ್ಟರೆ ಚಿಪ್ ಸುಡಬಹುದು. ಎರಡು ಸಲ ಓದಿ ಎರಡೂ ಪ್ರತಿ ಒಂದೇ ಆಗಿವೆಯೇ ಎಂದು ಹೋಲಿಸದೆ ಬರೆಯಬಾರದು. ಯಂತ್ರದ ಸೀರಿಯಲ್ ನಂಬರ್, ವಿಂಡೋಸ್ ಲೈಸೆನ್ಸ್ ಕೀ ಸಾಮಾನ್ಯವಾಗಿ ಆ ಚಿಪ್ಪಿನಲ್ಲೇ ಇರುತ್ತವೆ, ಬೇರೆ ಯಂತ್ರದ ಫೈಲನ್ನು ಹಾಗೇ ತುಂಬಬಾರದು. ಈ ನಾಲ್ಕು ಮಾತು ತಿಳಿದ ಉಪನ್ಯಾಸಕರೊಬ್ಬರು ಪಕ್ಕದಲ್ಲಿದ್ದರೆ ಡಿಪ್ಲೊಮಾ ವಿದ್ಯಾರ್ಥಿ ಇದನ್ನು ಧೈರ್ಯವಾಗಿ ಮಾಡಬಲ್ಲ.

ಬಯೋಸ್‌ಗೆಲ್ಲ ಪಾಸ್‌ವರ್ಡ್ ಹಾಕಿಬಿಟ್ಟರೆ ಸಮಸ್ಯೆಯೇ ಇರದಲ್ಲ ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ದಯವಿಟ್ಟು ಒಪ್ಪಬೇಡಿ. ಪಾಸ್‌ವರ್ಡ್ ಬಿದ್ದ ಯಂತ್ರದಲ್ಲಿ ಡಿಫಾಲ್ಟ್‌ಗೆ ಮರಳುವ ದಾರಿಯೂ ಮುಚ್ಚುತ್ತದೆ. ಕೋರ್ಸ್ ಮುಗಿಸಿ ಊರಿಗೆ ಹೋದ ಹುಡುಗಿ ಆ ಪಾಸ್‌ವರ್ಡ್ ಕೇಳಲು ಯಾವ ಕಚೇರಿಗೆ ಅಲೆಯಬೇಕು? ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ರಚಿಸಿದರು. ಪರೀಕ್ಷಿಸದೆ ಏನನ್ನೂ ನಂಬಬಾರದು ಎಂದು ಮಕ್ಕಳಿಗೆ ಕಲಿಸಿದವರ ನಾಡು ಇದು. ಇಲ್ಲಿನ ವಿದ್ಯಾರ್ಥಿಗೆ ಯಂತ್ರ ಮುಟ್ಟಬೇಡ ಎನ್ನುವುದಕ್ಕಿಂತ ಹೇಗೆ ಮುಟ್ಟಬೇಕು ಎಂದು ತೋರಿಸುವುದು ಮೇಲು.

ನನ್ನ ಬೇಡಿಕೆ ಇಷ್ಟು. ಜಿಲ್ಲೆಯ ಸರ್ಕಾರಿ ಪಾಲಿಟೆಕ್ನಿಕ್‌ಗಳ ಕಂಪ್ಯೂಟರ್ ಮತ್ತು ಎಲೆಕ್ಟ್ರಾನಿಕ್ಸ್ ವಿಭಾಗಗಳು ಸೇರಿ ವಾರಕ್ಕೆರಡು ದಿನ ದುರಸ್ತಿ ಮೇಜು ನಡೆಸಲಿ. ಯಾವ ಕಾಲೇಜಿನ ವಿದ್ಯಾರ್ಥಿ ಬಂದರೂ ನೋಡಲಿ. ಆ ಕೆಲಸವನ್ನು ಡಿಪ್ಲೊಮಾ ಮಕ್ಕಳ ಪ್ರಯೋಗಾಲಯದ ಅಂಕಗಳಿಗೆ ಸೇರಿಸಿ, ಆಗ ಮೇಜು ಖಾಲಿ ಬೀಳುವುದಿಲ್ಲ. ಮುಂದೆ ಇಲಾಖೆ ಲ್ಯಾಪ್‌ಟಾಪ್ ಕೊಳ್ಳುವಾಗ, ಆ ಮಾದರಿಯ ಮೂಲ ಫರ್ಮ್‌ವೇರ್ ಫೈಲು, ಮರಳಿಸುವ ವಿಧಾನ, ಬಿಡಿಭಾಗ ಸಿಗುವ ಅವಧಿ, ಇವನ್ನು ಟೆಂಡರಿನ ಷರತ್ತಾಗಿ ಬರೆಯಿರಿ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ತೆರೆದು, ತಯಾರಕರು ದುರಸ್ತಿ ಮಾಹಿತಿಯನ್ನು ಜನರಿಗೆ ಕೊಡಲೆಂದು ಬಯಸಿದೆ. ಸಾವಿರಗಟ್ಟಲೆ ಯಂತ್ರಗಳನ್ನು ಒಟ್ಟಿಗೆ ಕೊಳ್ಳುವ ರಾಜ್ಯ ಸರ್ಕಾರದ ಮಾತಿಗೆ ಕಂಪನಿಗಳು ಇನ್ನೂ ಬೇಗ ಕಿವಿಗೊಡುತ್ತವೆ. ಇದರ ಜೊತೆಗೆ, ಮೇಲೆ ಹೇಳಿದ ಪರೀಕ್ಷೆಯ ಕ್ರಮವನ್ನು ಸರಳ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಪ್ರತಿ ಕಾಲೇಜಿಗೂ ಕಳಿಸಿ, ತಾಲ್ಲೂಕಿನ ರಿಪೇರಿ ಅಂಗಡಿಗಳಿಗೂ ಕೊಡಿ. ತರಬೇತಿಗೆ ಅವರನ್ನೂ ಕರೆಯಿರಿ.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೇ ಇ-ಹರಾಜು ಬಂದಿದೆ. ನೂಲು ಬಿಚ್ಚುವವರ ಮಗಳಿಗೂ, ಹಿಪ್ಪುನೇರಳೆ ಬೆಳೆಯುವವರ ಮಗನಿಗೂ ಲ್ಯಾಪ್‌ಟಾಪ್ ಈಗ ಓದಿನ ಸಾಧನ ಮಾತ್ರವಲ್ಲ, ಮನೆಯ ಲೆಕ್ಕ, ಅರ್ಜಿ, ಕೆಲಸದ ಸಂದರ್ಶನ ಎಲ್ಲವೂ ಅದರಲ್ಲೇ. ಅದು ಕೆಟ್ಟರೆ ಬೆಂಗಳೂರಿಗೆ ಹೋಗಿಬರುವಷ್ಟರಲ್ಲಿ ಒಂದು ದಿನದ ಕೂಲಿ ಹೋಗುತ್ತದೆ, ಬಿಟ್ಟು ಬಂದ ಯಂತ್ರ ತರಲು ಇನ್ನೊಂದು ದಿನ. ಗಂಡುಮಗನದಾದರೆ ಸಾಲ ಮಾಡಿಯಾದರೂ ಹೊಸದು ಕೊಡಿಸುವ ಮನೆಗಳಲ್ಲಿ ಹೆಣ್ಣುಮಗಳದು ಕೆಟ್ಟರೆ "ಇನ್ನೇನು ಓದು ಮುಗೀತಲ್ಲ" ಎನ್ನುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಬರುವ ಶೈಕ್ಷಣಿಕ ವರ್ಷಕ್ಕೆ ಮೊದಲು ಚಿಂತಾಮಣಿಯಲ್ಲಿ ಒಂದು ಮೇಜು ಆರಂಭಿಸಿ. ಮೊದಲ ತಂಡದ ಉಪನ್ಯಾಸಕರಿಗೆ ತರಬೇತಿ ಕೊಡಲು ನಾನು ಸಂಬಳವಿಲ್ಲದೆ ಬರುತ್ತೇನೆ. ಪರೀಕ್ಷೆಗೆ ಬೇಕಾದ ಹಳೆಯ ಬೋರ್ಡುಗಳನ್ನೂ ತರುತ್ತೇನೆ. ದಿನಾಂಕ ತಿಳಿಸಿದರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ಶಿಡ್ಲಘಟ್ಟದ ಒಬ್ಬ ಕಂಪ್ಯೂಟರ್ ಶಿಕ್ಷಕ